ಸಾಲ್ಮನ್ ಮೀನಿನ ಮರಿಗಳೂ ಅವುಗಳ ರೋಗನಿರೋಧಕ ಶಕ್ತಿಯೂ

ಯೂರೋಪು ಖಂಡದ ವಾಯವ್ಯ ಭಾಗದಲ್ಲಿರುವ ನಾರ್ವೆ ದೇಶವು ವ್ಯವಸಾಯಕ್ಕೆ ಹೇಳಿಸಿದ ಸೀಮೆಯಲ್ಲ. ಅಲ್ಲಿ ಉಳುಮೆಗೆ ಒದಗುವ ಭೂಮಿಯು ನೂರಕ್ಕೆ ಮೂರು ಪಾಲಿನಷ್ಟು ಮಾತ್ರವೇ ಇದ್ದು, ಮಿಕ್ಕುದೆಲ್ಲವೂ ಬೆಟ್ಟ, ಬಂಡೆ, ಕಾಡು ಮತ್ತು ಹಿಮದಿಂದ ತುಂಬಿರುತ್ತದೆ. ಹೀಗಿದ್ದರೂ ಆ ದೇಶದ ಕರಾವಳಿಯ ಜನರು ಸಮುದ್ರದ ಹಿನ್ನೀರುಗಳನ್ನೇ ತಮ್ಮ ಹೊಲಗಳನ್ನಾಗಿ ಮಾಡಿಕೊಂಡು, ಬಲೆಯ ಪಂಜರಗಳಲ್ಲಿ ಸಾಲ್ಮನ್ ಎಂಬ ಮೀನನ್ನು ಸಾಕಿ, ಈಚಿನ ವರ್ಷಗಳಲ್ಲಿ ವರ್ಷವೊಂದಕ್ಕೆ ಸುಮಾರು 15 ಲಕ್ಷ ಟನ್ನುಗಳಷ್ಟು ಬೆಳೆಯನ್ನು ತೆಗೆಯುತ್ತಿದ್ದಾರೆ. ಲೋಕದಲ್ಲಿ ಸಾಕಿ ಬೆಳೆಸುವ ಅಟ್ಲಾಂಟಿಕ್ ಸಾಲ್ಮನ್ ಮೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಒಂದು ದೇಶದ್ದೇ ಆಗಿದೆ. 1970ರಲ್ಲಿ ಹಿತ್ರಾ ಎಂಬ ದ್ವೀಪದಲ್ಲಿ ಗ್ರೊಂಟ್‌ವೆಟ್ ಮನೆತನದ ಸಹೋದರರಿಬ್ಬರು ಸಮುದ್ರದಲ್ಲಿ ತೇಲುವ ಪಂಜರವನ್ನು ಕಟ್ಟಿ ಮರಿಗಳನ್ನು ಬಿಟ್ಟದ್ದೇ ಈ ಕಸುಬು ಊರ್ಜಿತಕ್ಕೆ ಬರಲು ಮೊದಲಾಯಿತೆಂದು ಹೇಳುವುದುಂಟು.

ಇಷ್ಟು ದೊಡ್ಡ ಉದ್ಯಮದಲ್ಲಿಯೂ ನಷ್ಟವು ಅಲ್ಪವಲ್ಲ. 2023ನೆಯ ಇಸವಿಯೊಂದರಲ್ಲಿಯೇ ನಾರ್ವೆಯ ಸಮುದ್ರ ಪಂಜರಗಳಲ್ಲಿ ಸುಮಾರು 6 ಕೋಟಿ 28 ಲಕ್ಷ ಸಾಲ್ಮನ್ ಮೀನುಗಳು ಕೊಯ್ಲಿಗೆ ಬರುವುದಕ್ಕೆ ಮುಂಚೆಯೇ ಸತ್ತವು; ಎಂದರೆ ನೂರಕ್ಕೆ ಹದಿನಾರೂವರೆಗೆ ಮೇಲ್ಪಟ್ಟು. ನೂರು ಮೂಟೆ ರಾಗಿಯಲ್ಲಿ ಹದಿನಾರು ಮೂಟೆ ಕಣಕ್ಕೆ ಬಾರದೆ ಹೋದರೆ ರೈತನು ಹೇಗೆ ಸುಮ್ಮನಿರಲಾರನೋ, ಹಾಗೆಯೇ ಅಲ್ಲಿನ ಸಾಕಣೆಗಾರರೂ ಸುಮ್ಮನಿಲ್ಲ. ಈ ಸಾವುಗಳಿಗೆ ಕಾರಣಗಳು ಹಲವಿವೆ. ಸಮುದ್ರದ ಹೇನು, ಅದನ್ನು ತೆಗೆಯಲು ಮೀನುಗಳನ್ನು ಹಿಡಿದು ಬಿಸಿನೀರಿನಲ್ಲಿ ಆಡಿಸುವುದರಿಂದಾಗುವ ಪೆಟ್ಟು, ಕಿವಿರಿನ ರೋಗಗಳು, ಹೃದಯದ ರೋಗಗಳು, ಚಳಿಗಾಲದ ಹುಣ್ಣು ಮೊದಲಾದುವು. ಆದರೆ ದೊಡ್ಡ ಮೀನಿಗೆ ಬಂದ ಕೇಡಿನ ಬೇರನ್ನು ಹುಡುಕಿಕೊಂಡು ಹೋದರೆ ಅನೇಕ ವೇಳೆ ಅದು ಮರಿಯ ದಿನಗಳಲ್ಲಿಯೇ ಸಿಕ್ಕುತ್ತದೆ. ಸಿಹಿನೀರಿನ ತೊಟ್ಟಿಯಲ್ಲಿ ದೇಹಬಲವನ್ನು ಸರಿಯಾಗಿ ಪಡೆಯದೆ ಸಮುದ್ರಕ್ಕೆ ಹೋದ ಮರಿಯು ಅಲ್ಲಿ ಬಾಳುವುದು ದುಸ್ತರ. ಆದಕಾರಣ ಮರಿಯ ರೋಗನಿರೋಧಕ ಶಕ್ತಿಯು ಯಾವಾಗ ಹುಟ್ಟುತ್ತದೆ, ಯಾವಾಗ ಬಲಿಯುತ್ತದೆ, ಯಾವಾಗ ಕುಗ್ಗುತ್ತದೆ ಎಂಬುದನ್ನು ತಿಳಿದು ಅದಕ್ಕೆ ತಕ್ಕಂತೆ ಕೆಲಸ ಮಾಡುವುದೇ ಈ ಕಸುಬಿನ ಮರ್ಮವಾಗಿರುತ್ತದೆ.

ಸಾಲ್ಮನ್ ಮೀನಿನ ಜೀವನಕ್ರಮವನ್ನು ಮೊದಲು ಸ್ವಲ್ಪ ತಿಳಿಯಬೇಕು. ಈ ಮೀನು ಹುಟ್ಟುವುದು ಸಿಹಿನೀರಿನ ಹೊಳೆಯಲ್ಲಿ. ಬೆಳೆಯುವುದು ಉಪ್ಪುನೀರಿನ ಸಮುದ್ರದಲ್ಲಿ. ಮೊಟ್ಟೆಯಿಡಲು ತಿರುಗಿ ಬರುವುದು ಹುಟ್ಟಿದ ಹೊಳೆಗೇ. ಸಾಕಣೆಯಲ್ಲಿಯೂ ಈ ಕ್ರಮವನ್ನೇ ಅನುಸರಿಸಬೇಕಾಗುತ್ತದೆ. ಮೊಟ್ಟೆಯು ಬಟಾಣಿ ಕಾಳಿನಷ್ಟಿದ್ದು ಕಿತ್ತಳೆ ಬಣ್ಣವುಳ್ಳದ್ದಾಗಿದೆ. ಅದು ಒಡೆಯಲು ಬೇಕಾದ ಕಾಲವನ್ನು ದಿನಗಳಿಂದ ಮಾತ್ರ ಎಣಿಸದೆ, ನೀರಿನ ಶಾಖದ ಡಿಗ್ರಿಯನ್ನು ದಿನಗಳ ಸಂಖ್ಯೆಯಿಂದ ಗುಣಿಸಿ ಲೆಕ್ಕ ಹಾಕುತ್ತಾರೆ. ಇದಕ್ಕೆ ದಿನ-ಡಿಗ್ರಿ ಎನ್ನಬಹುದು. ಸಾಲ್ಮನ್ ಮೊಟ್ಟೆಗೆ ಸುಮಾರು 500 ದಿನ-ಡಿಗ್ರಿಗಳು ಬೇಕು. ಎಂದರೆ ನೀರು 8 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಎರಡು ತಿಂಗಳ ಮೇಲೆ ಎರಡು ಮೂರು ದಿನ ಹಿಡಿಯುವುದು. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು. ಏತಕ್ಕಂದರೆ ಮುಂದೆ ಚುಚ್ಚುಮದ್ದಿನ ವಿಷಯದಲ್ಲಿಯೂ ಇದೇ ಲೆಕ್ಕವು ಬರುತ್ತದೆ.

ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಯ ಕೆಳಗೆ ಹಳದಿಯ ಚೀಲವೊಂದು ಜೋತುಬಿದ್ದಿರುತ್ತದೆ. ತಾಯಿಯು ಕಟ್ಟಿಕೊಟ್ಟ ಬುತ್ತಿಯೇ ಅದು. ಕೆಲವು ವಾರಗಳವರೆಗೆ ಮರಿಯು ಆ ಬುತ್ತಿಯಿಂದಲೇ ಜೀವಿಸಿ, ಅದು ತೀರುತ್ತ ಬಂದಾಗ ಮೇಲಕ್ಕೆದ್ದು ಬಾಯಿಂದ ಆಹಾರವನ್ನು ಹಿಡಿಯಲು ಆರಂಭಿಸುತ್ತದೆ. ಆಗ ಅದರ ತೂಕವು ಒಂದು ಗ್ರಾಮಿನ ಐದನೆಯ ಒಂದು ಭಾಗದಷ್ಟೂ ಇರದು. ಆಮೇಲೆ ಮೈಯ ಎರಡು ಪಾರ್ಶ್ವಗಳಲ್ಲಿಯೂ ಬೆರಳಚ್ಚಿನಂಥ ಕಪ್ಪು ಪಟ್ಟಿಗಳು ಮೂಡುತ್ತವೆ. ಈ ಸ್ಥಿತಿಯ ಮರಿಗೆ ಪಾರ್ ಎಂದು ಹೆಸರು. ಪಾರ್ ಬೆಳೆದು ಸಮುದ್ರಕ್ಕೆ ಹೋಗಲು ಸಿದ್ಧವಾದಾಗ ಪಟ್ಟಿಗಳು ಮಾಸಿ ಮೈಯೆಲ್ಲ ಬೆಳ್ಳಿಯಂತೆ ಹೊಳೆಯುವುದು. ಆಗ ಅದನ್ನು ಸ್ಮೋಲ್ಟ್ ಎಂದು ಕರೆಯುತ್ತಾರೆ. ಮೊದಲಿನಿಂದ ಬಂದ ಪದ್ಧತಿಯಲ್ಲಿ 60ರಿಂದ 100 ಗ್ರಾಂ ತೂಗುವ ಸ್ಮೋಲ್ಟ್‌ಗಳನ್ನು ಸಮುದ್ರಕ್ಕೆ ಸಾಗಿಸುತ್ತಿದ್ದರು. ಈಚೆಗೆ 250 ಗ್ರಾಂ ಮತ್ತು ಅದಕ್ಕೂ ಮೇಲ್ಪಟ್ಟ ಮರಿಗಳನ್ನು ಸಾಗಿಸುವ ವಾಡಿಕೆಯೂ ಬಂದಿದೆ.

ಇನ್ನು ಮರಿಯ ದೇಹದ ಕಾವಲಿನ ವಿಷಯ. ದನಕರುಗಳಲ್ಲಿಯೂ ಮನುಷ್ಯರಲ್ಲಿಯೂ ರೋಗದೊಡನೆ ಹೋರಾಡುವ ರಕ್ತಕಣಗಳು ಎಲುಬಿನೊಳಗಣ ಮಜ್ಜೆಯಲ್ಲಿ ಹುಟ್ಟುತ್ತವೆ. ಮೀನಿಗೆ ಇಂಥ ಮಜ್ಜೆಯೂ ಇಲ್ಲ, ದನಗಳ ಗಂಟಲಿನ ಬಳಿ ಊದಿಕೊಳ್ಳುವ ಹಾಲುಗಂಟುಗಳಂಥ ಗ್ರಂಥಿಗಳೂ ಇಲ್ಲ. ಅದರಲ್ಲಿ ಮೂತ್ರಪಿಂಡದ ಮುಂಭಾಗವೇ ಮಜ್ಜೆಯ ಕೆಲಸವನ್ನು ಮಾಡುತ್ತದೆ. ಕಿವಿರಿನ ಬಳಿಯಲ್ಲಿ ಥೈಮಸ್ ಎಂಬ ಗ್ರಂಥಿಯೂ ಹೊಟ್ಟೆಯಲ್ಲಿ ಗುಲ್ಮವೂ ಈ ಕೆಲಸಕ್ಕೆ ನೆರವಾಗುತ್ತವೆ. ಇವೆಲ್ಲಕ್ಕೂ ಮುಂಚಿನ ಕಾವಲು ಯಾವುದೆಂದರೆ ಮೈಮೇಲಣ ಲೋಳೆ. ಮೀನನ್ನು ಹಿಡಿದಾಗ ಕೈಗೆ ಜಾರುವ ಈ ಲೋಳೆಯನ್ನು ಹೊಲಸೆಂದು ಭಾವಿಸುವವರು ಬಹಳ ಮಂದಿ; ಆದರೆ ಅದರಲ್ಲಿ ರೋಗದ ಕ್ರಿಮಿಗಳ ಗೋಡೆಯನ್ನು ಕರಗಿಸುವ ದ್ರವ್ಯಗಳು ಇರುತ್ತವೆ, ಮತ್ತು ಹಳೆಯ ಲೋಳೆಯು ಎಡೆಬಿಡದೆ ಕಳಚಿಹೋಗಿ ಹೊಸದು ಬರುತ್ತಿರುವುದರಿಂದ ಅದಕ್ಕೆ ಅಂಟಿದ ಕ್ರಿಮಿಗಳೂ ತೊಳೆದುಹೋಗುತ್ತವೆ.

ಮರಿಯ ಕಾವಲು ಎರಡು ಬಗೆಯದು. ಒಂದು ಹುಟ್ಟಿನಿಂದ ಬಂದದ್ದು. ಲೋಳೆ, ಚರ್ಮ, ಕ್ರಿಮಿಗಳನ್ನು ನುಂಗುವ ಕಣಗಳು ಮುಂತಾದುವು ಇದಕ್ಕೆ ಸೇರಿವೆ. ಇದು ಬಂದವರೆಲ್ಲರನ್ನೂ ತಡೆಯುತ್ತದೆ, ಆದರೆ ಒಬ್ಬೊಬ್ಬರ ಗುರುತನ್ನು ಇಟ್ಟುಕೊಳ್ಳುವುದಿಲ್ಲ. ಇನ್ನೊಂದು ಕಲಿತು ಬರುವ ಕಾವಲು. ಒಂದು ರೋಗದ ಕ್ರಿಮಿಯನ್ನು ಒಮ್ಮೆ ಕಂಡ ದೇಹವು ಅದರ ಗುರುತನ್ನಿಟ್ಟುಕೊಂಡು, ಅದಕ್ಕೇ ತಕ್ಕ ಪ್ರತಿವಸ್ತುವನ್ನು ರಕ್ತದಲ್ಲಿ ತಯಾರಿಸಿ, ಮತ್ತೆ ಅದೇ ಶತ್ರು ಬಂದಾಗ ಬೇಗನೆ ಎದುರಿಸುತ್ತದೆ. ಗ್ರಾಮದ ತಳವಾರನು ಒಮ್ಮೆ ಹಿಡಿದ ಕಳ್ಳನನ್ನು ಕತ್ತಲೆಯಲ್ಲಿಯೂ ಗುರುತು ಹಿಡಿಯುವಂತೆ ಇದು. ಹಿಂದಿನ ಕಾಲದಲ್ಲಿ ಮಕ್ಕಳಿಗೆ ದೇವಿ ಹಾಕಿಸುತ್ತಿದ್ದುದೂ, ಗಳಲೆ ಮತ್ತು ಚಪ್ಪೆರೋಗಗಳಿಗೆ ಮುಂಗಾರು ಹಿಡಿಯುವುದಕ್ಕೆ ಮೊದಲೇ ದನಗಳಿಗೆ ಚುಚ್ಚುಮದ್ದು ಹಾಕಿಸುವುದೂ ಈ ಎರಡನೆಯ ಕಾವಲನ್ನು ನಂಬಿಯೇ.

ಮೊಟ್ಟೆಯಿಂದ ಹೊರಟ ಮರಿಯಲ್ಲಿ ಮೊದಲನೆಯ ಕಾವಲು ಮಾತ್ರವೇ ಇರುತ್ತದೆ. ಎರಡನೆಯದಕ್ಕೆ ಬೇಕಾದ ಅಂಗಗಳು ಆಗಲೇ ಮೊಳೆತಿದ್ದರೂ ಕೆಲಸಕ್ಕೆ ಬಂದಿರುವುದಿಲ್ಲ. ಮರಿಯು ಆಹಾರವನ್ನು ಹಿಡಿಯತೊಡಗಿದ ಕಾಲದಿಂದ ಅದು ಕ್ರಮವಾಗಿ ಬಲಿಯುತ್ತದೆ. ಈ ಬೆಳವಣಿಗೆಗೆ ಪ್ರಾಯಕ್ಕಿಂತಲೂ ಮೈಯ ತೂಕವೇ ಹೆಚ್ಚು ಸರಿಯಾದ ಅಳತೆ ಎಂಬುದು ಕಂಡುಬಂದಿದೆ. 1982ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಸಾಲ್ಮನ್ ವರ್ಗದ ಮರಿಗಳನ್ನು ಲಸಿಕೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು ಪರೀಕ್ಷಿಸಿದಾಗ, ಒಂದು ಗ್ರಾಂ ತೂಕದ ಮರಿಗಳಲ್ಲಿ ರಕ್ಷಣೆಯು ಸುಮಾರು ನಾಲ್ಕು ತಿಂಗಳೂ, ಎರಡು ಗ್ರಾಮಿನವುಗಳಲ್ಲಿ ಆರು ತಿಂಗಳೂ, ನಾಲ್ಕು ಗ್ರಾಂ ಮತ್ತು ಅದಕ್ಕೆ ಮೇಲ್ಪಟ್ಟವುಗಳಲ್ಲಿ ಒಂದು ವರ್ಷದವರೆಗೂ ನಿಂತಿತು. ಮದ್ದು ಅದೇ, ನೀರು ಅದೇ. ಮರಿಯ ಗಾತ್ರದಿಂದಲೇ ಈ ವ್ಯತ್ಯಾಸ. ಅತಿ ಎಳೆಯ ಮರಿಗೆ ಹಾಕಿದ ಲಸಿಕೆಯು ವ್ಯರ್ಥವಾಗುವುದಲ್ಲದೆ, ದೇಹವು ಆ ಕ್ರಿಮಿಯನ್ನು ತನ್ನದೇ ವಸ್ತುವೆಂದು ತಪ್ಪು ತಿಳಿದು ಮುಂದೆ ಎದುರಿಸದೆಯೇ ಹೋಗುವ ಸಂಭವವೂ ಉಂಟು.

ಮೀನಿಗೆ ಲಸಿಕೆ ಹಾಕಬಹುದೆಂಬ ವಿಚಾರವು ಈಚಿನದಲ್ಲ. 1942ರಲ್ಲಿಯೇ ಕೆನಡಾ ದೇಶದ ಡಫ್ ಎಂಬ ವಿಜ್ಞಾನಿಯು ಕೊಂದ ಕ್ರಿಮಿಗಳನ್ನು ಆಹಾರದಲ್ಲಿ ಬೆರೆಸಿ ಟ್ರೌಟ್ ಮೀನುಗಳಿಗೆ ತಿನ್ನಿಸಿ, ಅವುಗಳಿಗೆ ಫ್ಯೂರಂಕ್ಯುಲೋಸಿಸ್ ಎಂಬ ಹುಣ್ಣುರೋಗದಿಂದ ರಕ್ಷಣೆ ದೊರೆಯುವುದನ್ನು ತೋರಿಸಿದ್ದನು. ಆದರೆ ಅದೇ ಸುಮಾರಿನಲ್ಲಿ ಸಲ್ಫಾ ಔಷಧಗಳೂ ಆಮೇಲೆ ಆಂಟಿಬಯೋಟಿಕ್ ಔಷಧಗಳೂ ಬಳಕೆಗೆ ಬಂದುದರಿಂದ, ರೋಗ ಬಂದ ಮೇಲೆ ಮದ್ದು ಹಾಕಿದರಾಯಿತೆಂಬ ಭಾವನೆಯು ಜನರಲ್ಲಿ ಬಲವಾಗಿ, ಡಫ್‌ನ ಕೆಲಸವು ಬಹುಕಾಲ ಮೂಲೆಗೆ ಬಿದ್ದಿತು. ಸುಲಭದ ಮದ್ದು ಕೈಗೆ ಸಿಕ್ಕಿದಾಗ ಕಷ್ಟದ ಮುನ್ನೆಚ್ಚರಿಕೆಯು ಹಿಂದೆ ಬೀಳುವುದು ಎಲ್ಲ ದೇಶಗಳಲ್ಲಿಯೂ ಉಂಟು.

ಆ ಭಾವನೆಯ ಫಲವನ್ನು ನಾರ್ವೆಯವರು ಉಂಡರು. 1979ರಲ್ಲಿ, ಕಸುಬು ಬೇರೂರಿದ ಆ ಹಿತ್ರಾ ದ್ವೀಪದ ಸುತ್ತಮುತ್ತಲೇ ಚಳಿಗಾಲದಲ್ಲಿ ಮೀನುಗಳು ರಕ್ತಸ್ರಾವವಾಗಿ ಸಾಯತೊಡಗಿದವು. ಇದಕ್ಕೆ ಹಿತ್ರಾ ರೋಗವೆಂದೇ ಹೆಸರಾಯಿತು. ತಣ್ಣೀರಿನಲ್ಲಿ ಬೆಳೆಯುವ ವಿಬ್ರಿಯೋ ಜಾತಿಯ ಕ್ರಿಮಿಯು ಇದಕ್ಕೆ ಕಾರಣವೆಂದು ತರುವಾಯ ತಿಳಿದುಬಂದಿತು. ಅದರ ಉಪದ್ರವವು ಮುಗಿಯುವುದಕ್ಕೆ ಮುಂಚೆಯೇ, 1985ರಲ್ಲಿ ಸ್ಕಾಟ್ಲೆಂಡಿನಿಂದ ತರಿಸಿದ ಮರಿಗಳೊಡನೆ ಫ್ಯೂರಂಕ್ಯುಲೋಸಿಸ್ ರೋಗವು ನಾರ್ವೆಯ ಪಂಜರಗಳಿಗೆ ಬಂದು, ಕೆಲವೇ ವರ್ಷಗಳಲ್ಲಿ ನೂರಾರು ಸಾಕಣೆ ಕೇಂದ್ರಗಳಿಗೆ ಹಬ್ಬಿತು. ಪರಸ್ಥಳದಿಂದ ಮರಿಯನ್ನಾಗಲಿ ಕರುವನ್ನಾಗಲಿ ಸಸಿಯನ್ನಾಗಲಿ ಪರೀಕ್ಷೆಯಿಲ್ಲದೆ ತರಿಸುವುದರಲ್ಲಿರುವ ಅಪಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಸಿಕ್ಕಲಾರದು. ರೋಗವನ್ನು ಅಡಗಿಸಲು ಆಹಾರದಲ್ಲಿ ಆಂಟಿಬಯೋಟಿಕ್‌ಗಳನ್ನು ಬೆರೆಸಿ ಹಾಕಿದರು. 1987ರಲ್ಲಿ ಆ ದೇಶದ ಒಟ್ಟು ಬೆಳೆಯು 50 ಸಾವಿರ ಟನ್ನುಗಳ ಸುಮಾರಿನಲ್ಲಿದ್ದಾಗ, ಮೀನುಗಳಿಗೆ ಹಾಕಿದ ಆಂಟಿಬಯೋಟಿಕ್‌ಗಳ ತೂಕವು ಸುಮಾರು 48 ಟನ್ನುಗಳು! ಒಂದು ಟನ್ನು ಮೀನಿಗೆ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಮದ್ದು. ಕ್ರಿಮಿಗಳು ಮದ್ದಿಗೆ ಹೊಂದಿಕೊಂಡು ಜಗ್ಗದೆ ಹೋದವು. ಖರ್ಚು ಮಾತ್ರ ಏರಿತು.

ಈ ಸ್ಥಿತಿಯನ್ನು ಬದಲಾಯಿಸಿದ್ದು ಲಸಿಕೆಗಳೇ. 1980ರ ದಶಕದ ಕೊನೆಯ ಭಾಗದಲ್ಲಿ ಹಿತ್ರಾ ರೋಗದ ಲಸಿಕೆಯು ಬಂದು, ಆ ರೋಗವು ಹೆಚ್ಚುಕಡಿಮೆ ಕಾಣದಂತಾಯಿತು. ಫ್ಯೂರಂಕ್ಯುಲೋಸಿಸ್ಸಿಗೆ ನೀರಿನಲ್ಲಿ ಕಲಸಿದ ಲಸಿಕೆಗಳು ಸಾಲಲಿಲ್ಲ. 1990ರ ದಶಕದ ಮೊದಲಲ್ಲಿ ಖನಿಜದ ಎಣ್ಣೆಯಲ್ಲಿ ಕಡೆದ ಲಸಿಕೆಯನ್ನು ಮರಿಯ ಹೊಟ್ಟೆಯ ಪೊಳ್ಳಿಗೆ ಚುಚ್ಚಿದಾಗ, ಎಣ್ಣೆಯು ಲಸಿಕೆಯನ್ನು ಬಹುದಿನ ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ದೇಹಕ್ಕೆ ಒದಗಿಸಿದುದರಿಂದ, ರಕ್ಷಣೆಯು ಬಲವಾಗಿಯೂ ದೀರ್ಘವಾಗಿಯೂ ನಿಂತಿತು. ಆಂಟಿಬಯೋಟಿಕ್‌ಗಳ ಬಳಕೆಯು ಕೆಲವೇ ವರ್ಷಗಳಲ್ಲಿ ಕುಸಿದುಬಿತ್ತು. ಬೆಳೆಯು 1987ರಲ್ಲಿದ್ದುದರ ಇಪ್ಪತ್ತೈದು ಮೂವತ್ತು ಪಾಲಿನಷ್ಟು ಹೆಚ್ಚಿದ್ದರೂ, ಈಚಿನ ವರ್ಷಗಳಲ್ಲಿ ಅಲ್ಲಿ ಬಳಸುವ ಆಂಟಿಬಯೋಟಿಕ್‌ಗಳು ಸಾಮಾನ್ಯವಾಗಿ ಒಂದು ಟನ್ನಿನೊಳಗೇ ಇರುತ್ತವೆ. ಫ್ಯೂರಂಕ್ಯುಲೋಸಿಸ್, ವಿಬ್ರಿಯೋ ರೋಗ, ತಣ್ಣೀರಿನ ವಿಬ್ರಿಯೋ ರೋಗ, ಈ ಮೂರಕ್ಕೂ ಸಾಲ್ಮನ್ ಮರಿಗಳಿಗೆ ಲಸಿಕೆ ಹಾಕಿಸುವುದು ಅಲ್ಲಿನ ಕಾನೂನಿನ ಮೇರೆ ಕಡ್ಡಾಯ. ಆರು ಏಳು ಬಗೆಯ ಲಸಿಕೆಗಳನ್ನು ಒಂದೇ ಚುಚ್ಚಿನಲ್ಲಿ ಕೊಡುವ ಮಿಶ್ರಣಗಳು ಬಳಕೆಯಲ್ಲಿವೆ.

ಚುಚ್ಚುವ ಕೆಲಸದ ಕ್ರಮವನ್ನು ಕೇಳಿದರೆ ಆಶ್ಚರ್ಯವಾಗುವುದು. ಮರಿಗಳನ್ನು ಒಂದೆರಡು ದಿನ ಉಪವಾಸವಿಟ್ಟು, ಮತ್ತು ಬರಿಸುವ ಔಷಧವನ್ನು ಬೆರೆಸಿದ ನೀರಿನಲ್ಲಿ ಬಿಟ್ಟು ನಿಶ್ಚೇಷ್ಟಿತವಾದ ಮೇಲೆ, ಒಂದೊಂದನ್ನಾಗಿ ಹಿಡಿದು ಹೊಟ್ಟೆಯ ನಡುಗೆರೆಯಲ್ಲಿ, ಕೆಳಗಣ ಈಜುರೆಕ್ಕೆಯ ಬುಡದಿಂದ ಆ ರೆಕ್ಕೆಯ ಉದ್ದದಷ್ಟು ಮುಂದಕ್ಕೆ ಸೂಜಿಯನ್ನು ಇಳಿಸುತ್ತಾರೆ. ಅಳತೆಯು ಒಂದು ಮಿಲಿಲೀಟರಿನ ಹತ್ತನೆಯ ಒಂದು ಭಾಗ ಅಥವಾ ಅದರ ಅರ್ಧ. ಪಳಗಿದ ಕೈಯವರು ಗಂಟೆಗೆ ಸಾವಿರಕ್ಕೂ ಮೇಲ್ಪಟ್ಟು ಮರಿಗಳಿಗೆ ಚುಚ್ಚುವರು. ದೊಡ್ಡ ಕೇಂದ್ರಗಳಲ್ಲಿ ಯಂತ್ರಗಳೇ ಈ ಕೆಲಸವನ್ನು ಮಾಡುತ್ತವೆ. ಸೂಜಿಯು ಆಳವಾದರೆ ಕರುಳಿಗೆ ತಗಲುವುದು, ಮೇಲಾದರೆ ಮದ್ದು ಮಾಂಸದಲ್ಲಿಯೇ ನಿಲ್ಲುವುದು. ಸಣ್ಣ ಮರಿ ದೊಡ್ಡ ಮರಿಗಳನ್ನು ಒಂದೇ ಸೂಜಿಯ ಉದ್ದಕ್ಕೆ ಒಡ್ಡಿದರೆ ಎರಡಕ್ಕೂ ಕೇಡು. ಆದುದರಿಂದ ಮೊದಲು ಗಾತ್ರದ ಮೇಲೆ ವಿಂಗಡಿಸುವುದು ಅಗತ್ಯ. ಮೂವತ್ತು ಗ್ರಾಮಿಗೆ ಕಡಿಮೆಯಾದ ಮರಿಗೆ ಎಣ್ಣೆಯ ಲಸಿಕೆಯನ್ನು ಸಾಮಾನ್ಯವಾಗಿ ಹಾಕುವುದಿಲ್ಲ.

ಲಸಿಕೆ ಹಾಕಿದ ಮಾರನೆಯ ದಿನವೇ ಮರಿಗೆ ರಕ್ಷಣೆ ಬರುವುದಿಲ್ಲ. ಇಲ್ಲಿಯೇ ಅನೇಕರು ಎಡವುವುದು. ಮೀನು ತಣ್ಣನೆಯ ರಕ್ತದ ಪ್ರಾಣಿ. ಅದರ ದೇಹದ ಕೆಲಸಗಳೆಲ್ಲವೂ ನೀರಿನ ಶಾಖವನ್ನು ಅನುಸರಿಸಿ ನಡೆಯುತ್ತವೆ. ಹೆಪ್ಪು ಹಾಕಿದ ಹಾಲು ಬೇಸಗೆಯಲ್ಲಿ ಬೇಗನೆಯೂ ಮಾಗಿಯ ಚಳಿಯಲ್ಲಿ ತಡವಾಗಿಯೂ ಮೊಸರಾಗುವಂತೆ, ಮರಿಯ ಕಾವಲೂ ಬಿಸಿನೀರಿನಲ್ಲಿ ಬೇಗನೆ, ತಣ್ಣೀರಿನಲ್ಲಿ ತಡವಾಗಿ ಕಟ್ಟಿಕೊಳ್ಳುತ್ತದೆ. ಎಣ್ಣೆಯ ಲಸಿಕೆಗಳಿಗೆ ಸಾಮಾನ್ಯವಾಗಿ 500 ದಿನ-ಡಿಗ್ರಿಗಳ ಅವಧಿಯನ್ನು ಹೇಳುತ್ತಾರೆ. ನೀರು 12 ಡಿಗ್ರಿ ಇದ್ದರೆ ಆರು ವಾರ ಸಾಕು. 5 ಡಿಗ್ರಿಗೆ ಇಳಿದರೆ ನೂರು ದಿನ ಬೇಕು. ಮರಿಗಳನ್ನು ಸಾಗಿಸುವ ಹಡಗು ಇಂಥ ದಿನ ಬರುತ್ತದೆಂದು ಗೊತ್ತಾದ ಮೇಲೆ ಹಿಂದಕ್ಕೆ ಎಣಿಸಿ ಲಸಿಕೆಯ ದಿನವನ್ನು ಗೊತ್ತುಮಾಡಬೇಕು. ಆದರೆ ಆ ದಿನಕ್ಕೆ ಮರಿಯು ತಕ್ಕ ತೂಕಕ್ಕೆ ಬಂದಿಲ್ಲವಾದರೆ ಏನು ಗತಿ? ಹಡಗಿನ ಬಾಡಿಗೆ ಕೊಟ್ಟಾಗಿದೆ, ಸಮುದ್ರದ ಪಂಜರ ಖಾಲಿ ಬಿದ್ದಿದೆ, ಸಾಲದ ಬಡ್ಡಿ ಏರುತ್ತಿದೆ. ಈ ಇಕ್ಕಟ್ಟಿನಲ್ಲಿ ಸಾಕಣೆಗಾರನು ಎಳೆಯ ಮರಿಗೇ ಚುಚ್ಚಿಸುವುದೋ, ಅವಧಿಯನ್ನು ಮೊಟಕುಮಾಡಿ ಸಾಗಿಸುವುದೋ ಉಂಟು. ಎರಡೂ ಕೆಟ್ಟ ದಾರಿಗಳೇ. ಒಂದರಲ್ಲಿ ಮರಿಯ ಮೈ ಕೆಡುತ್ತದೆ, ಇನ್ನೊಂದರಲ್ಲಿ ಕಾವಲಿಲ್ಲದ ಮರಿಯು ರೋಗದ ಬಾಯಿಗೆ ಬೀಳುತ್ತದೆ. ಹಡಗನ್ನು ನೋಡಿ ಮರಿಯನ್ನು ಸಿದ್ಧಮಾಡುವುದಲ್ಲ, ಮರಿಯನ್ನು ನೋಡಿ ಹಡಗನ್ನು ಕರೆಯುವುದೇ ಸರಿಯಾದದ್ದು. ಹಾಗೆ ಮಾಡುವಷ್ಟು ಸೌಕರ್ಯವನ್ನು ಮೊದಲೇ ಇಟ್ಟುಕೊಂಡ ಕೇಂದ್ರಗಳೇ ನಷ್ಟದಿಂದ ದೂರವಿರುತ್ತವೆ.

ಮರಿಯ ಮೈ ಕೆಡುತ್ತದೆಂದು ಹೇಳಿದುದನ್ನು ಬಿಡಿಸಿ ಹೇಳುವುದು ಅವಶ್ಯ. ಎಣ್ಣೆಯ ಲಸಿಕೆಯು ಬಲವಾದ ಮದ್ದಾದ್ದರಿಂದ ಅದರ ಉಪದ್ರವವೂ ಬಲವಾಗಿದೆ. ಹೊಟ್ಟೆಯೊಳಗೆ ಊತವುಂಟಾಗಿ ಕರುಳುಗಳು ಒಂದಕ್ಕೊಂದೂ ಹೊಟ್ಟೆಯ ಗೋಡೆಗೂ ಅಂಟಿಕೊಳ್ಳುವುದು, ಮಾಂಸದ ಒಳಮೈಯಲ್ಲಿ ಕಪ್ಪು ಕಲೆಗಳು ಬೀಳುವುದು, ಕೆಲವು ಕಾಲ ಮೇವು ಕಡಿಮೆಯಾಗಿ ಬೆಳವಣಿಗೆ ಕುಂಠಿತವಾಗುವುದು, ಇವು 1990ರ ದಶಕದಲ್ಲಿ ಬಹಳವಾಗಿ ಕಂಡುಬಂದವು. ಮರಿಯು ಚಿಕ್ಕದಾಗಿದ್ದಾಗಲೇ ಲಸಿಕೆ ಹಾಕಿದ ಗುಂಪುಗಳಲ್ಲಿ ಈ ಅಂಟುಗಳು ಹೆಚ್ಚಾಗಿಯೂ ಬೆನ್ನೆಲುಬು ಸೊಟ್ಟಗಾಗುವುದು ಹೆಚ್ಚಾಗಿಯೂ ಇದ್ದುವೆಂದು ನಾರ್ವೆಯ ಪ್ರಯೋಗಗಳು ತೋರಿಸಿವೆ. ಈಗಿನ ಲಸಿಕೆಗಳಲ್ಲಿ ಎಣ್ಣೆಯ ಪ್ರಮಾಣವನ್ನು ತಗ್ಗಿಸಿ, ತೊಂದರೆಯನ್ನು ಕಡಿಮೆಮಾಡಿದ್ದಾರೆ, ಪೂರ್ತಿಯಾಗಿ ಹೋಗಿಲ್ಲ. ಪ್ಯಾಂಕ್ರಿಯಾಸ್ ರೋಗಕ್ಕೆ ಎಣ್ಣೆಯಿಲ್ಲದ, ವಂಶತಂತುವಿನ ತುಣುಕನ್ನೇ ಮಾಂಸದಲ್ಲಿ ಚುಚ್ಚುವ ಹೊಸ ಬಗೆಯ ಲಸಿಕೆಗೆ 2017ರಲ್ಲಿ ಯೂರೋಪಿನ ಒಕ್ಕೂಟವು ಅನುಮತಿ ಕೊಟ್ಟಿತು.

ಲಸಿಕೆಯು ಸರಿಯಾಗಿ ಬಿದ್ದರೂ ಇನ್ನೊಂದು ಗಂಡಾಂತರವು ಉಳಿದಿರುತ್ತದೆ. ಅದು ಸ್ಮೋಲ್ಟ್ ಆಗುವ ಕಾಲ. ತೊಟ್ಟಿಗಳಲ್ಲಿ ದೀಪಗಳಿಂದ ಆರು ವಾರಗಳ ಕಾಲ ಹನ್ನೆರಡು ಗಂಟೆ ಬೆಳಕು ಹನ್ನೆರಡು ಗಂಟೆ ಕತ್ತಲೆಯನ್ನು ಕೊಟ್ಟು, ಆಮೇಲೆ ಹಗಲಿರುಳೂ ಬೆಳಕನ್ನಿಟ್ಟರೆ, ಮರಿಯು ಚಳಿಗಾಲ ಕಳೆದು ವಸಂತ ಬಂದಿತೆಂದು ತಿಳಿದು ಸಮುದ್ರಕ್ಕೆ ಸಿದ್ಧವಾಗುತ್ತದೆ. ಅದುವರೆಗೆ ಸಿಹಿನೀರಿನಲ್ಲಿ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಕಿವಿರುಗಳು ಇನ್ನು ಮೇಲೆ ಉಪ್ಪನ್ನು ಹೊರಹಾಕಲು ಕಲಿಯಬೇಕು. ಈ ಮಾರ್ಪಾಟಿಗಾಗಿ ದೇಹದಲ್ಲಿ ಕಾರ್ಟಿಸಾಲ್ ಎಂಬ ರಸವು ಏರುತ್ತದೆ. ಭಯ, ಆಯಾಸ, ನೂಕುನುಗ್ಗಲುಗಳಲ್ಲಿ ಏರುವ ರಸವೂ ಇದೇ. ಇದು ಏರಿದಾಗ ಕಾವಲಿನ ಕಣಗಳು ಕುಗ್ಗುತ್ತವೆ. ಅಂದರೆ ಮರಿಯು ಹೊಸ ಕ್ರಿಮಿಗಳಿಂದ ತುಂಬಿದ ಸಮುದ್ರಕ್ಕೆ ಇಳಿಯುವ ದಿನಗಳಲ್ಲಿಯೇ ಅದರ ಕಾವಲು ದುರ್ಬಲವಾಗಿರುತ್ತದೆ. ಒಟ್ಟಲಿನಿಂದ ಕಿತ್ತ ಪೈರು ಗದ್ದೆಯಲ್ಲಿ ಬೇರು ಕಚ್ಚುವವರೆಗೆ ಬಾಡಿ ನಿಲ್ಲುವುದನ್ನು ನೋಡಿರುವ ರೈತರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಸ್ಮೋಲ್ಟ್‌ನ ಹುರುಪೆಗಳೂ ಆಗ ಸಡಿಲವಾಗಿ, ಒರಟಾಗಿ ಬಲೆಯಲ್ಲಿ ಎತ್ತಿದರೆ ಕಳಚಿಹೋಗುತ್ತವೆ. ಶರತ್ಕಾಲದ ಕೊನೆಯಲ್ಲಿ ತಣ್ಣನೆಯ ಸಮುದ್ರಕ್ಕೆ ಬಿಟ್ಟ ಮರಿಗಳಿಗೆ ಈ ಗಾಯಗಳ ಮೂಲಕವೇ ಮೊರಿಟೆಲ್ಲಾ ಎಂಬ ಕ್ರಿಮಿಯು ಹೊಕ್ಕು ಚಳಿಗಾಲದ ಹುಣ್ಣನ್ನುಂಟುಮಾಡುತ್ತದೆ. ಇದಕ್ಕೆ ಲಸಿಕೆಯಿದ್ದರೂ ಪೂರ್ಣ ರಕ್ಷಣೆಯಿಲ್ಲ. ಚರ್ಮವೇ ಹರಿದಿದ್ದರೆ ಒಳಗಿನ ಕಾವಲು ಒಂದೇ ಏನು ಮಾಡೀತು?

ನೀರಿನ ಮತ್ತು ಮೇವಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಮೊಟ್ಟೆಗಳನ್ನು ಅಯೋಡಿನ್ ದ್ರವದಲ್ಲಿ ಹತ್ತು ನಿಮಿಷ ಅದ್ದಿ ಶುದ್ಧಿಮಾಡಿಯೇ ಮರಿಮನೆಯೊಳಕ್ಕೆ ತರುತ್ತಾರೆ. ಸತ್ತ ಮೊಟ್ಟೆಗಳನ್ನು ಆಗಾಗ ಆರಿಸಿ ತೆಗೆಯದಿದ್ದರೆ ಅವುಗಳ ಮೇಲೆ ಹತ್ತಿಯಂಥ ಬೂಷ್ಟು ಹಿಡಿದು ಒಳ್ಳೆಯವುಗಳಿಗೂ ಹಬ್ಬುವುದು. ತೊಟ್ಟಿಯಲ್ಲಿ ಮರಿಗಳು ಇಟ್ಟಣಿಸಿದರೆ ಇಂಗಾಲಾಮ್ಲವಾಯು ಹೆಚ್ಚಿ ಕಿವಿರು ಕೆಡುವುದು. ಮೇವಿನಲ್ಲಿ ಸಿ ಮತ್ತು ಇ ಜೀವಸತ್ತ್ವಗಳು, ಸತು, ಸೆಲೆನಿಯಂ ಇವು ಸಾಕಷ್ಟಿಲ್ಲದಿದ್ದರೆ ಮರಿಯ ಕಾವಲು ಕುಂದುತ್ತದೆ. ಸಿ ಜೀವಸತ್ತ್ವವು ತೀರ ಕಡಿಮೆಯಾದರೆ ಬೆನ್ನು ಬಾಗುತ್ತದೆ. ಯೀಸ್ಟಿನ ಕಣಗಳ ಗೋಡೆಯಿಂದ ತೆಗೆದ ಗ್ಲೂಕನ್ ಎಂಬ ಪದಾರ್ಥವನ್ನು ಬೆರೆಸಿದರೆ ನುಂಗುವ ಕಣಗಳು ಚುರುಕಾಗುವುವೆಂದು ನಾರ್ವೆಯಲ್ಲಿಯೇ ಕಂಡುಹಿಡಿದರು. ಇದು ಸ್ವಲ್ಪಕಾಲದ ಚುರುಕೇ ಹೊರತು ಲಸಿಕೆಗೆ ಬದಲಲ್ಲ. ಮಾರಾಟಗಾರರು ಇಂಥವುಗಳನ್ನು ಸರ್ವರೋಗಕ್ಕೂ ಮದ್ದೆಂದು ಸಾರುವುದನ್ನು ನಂಬಬೇಕಾದ್ದಿಲ್ಲ. ಮೀನಿನ ಪುಡಿಗೆ ಬದಲು ಅಗ್ಗದ ಸೋಯಾ ಹಿಂಡಿಯನ್ನು ಹೆಚ್ಚಾಗಿ ಹಾಕಿದರೆ ಸಾಲ್ಮನ್ ಮೀನಿನ ಹಿಂಗರುಳು ಉರಿತು ಊದಿಕೊಳ್ಳುವುದೆಂಬುದು 1990ರ ದಶಕದಲ್ಲಿ ಸ್ಥಿರಪಟ್ಟಿದೆ.

ಎಲ್ಲ ರೋಗಗಳಿಗೂ ಲಸಿಕೆಯೇ ಉತ್ತರವಲ್ಲವೆಂಬುದಕ್ಕೆ ಐಪಿಎನ್ ಎಂಬ ವೈರಸ್ ರೋಗವು ಸಾಕ್ಷಿ. ಇದು ಮೇವು ಹಿಡಿಯತೊಡಗಿದ ಎಳೆಯ ಮರಿಗಳನ್ನೂ ಹೊಸದಾಗಿ ಸಮುದ್ರಕ್ಕೆ ಬಿಟ್ಟ ಸ್ಮೋಲ್ಟ್‌ಗಳನ್ನೂ ಹಿಂಡುಹಿಂಡಾಗಿ ಕೊಲ್ಲುತ್ತಿತ್ತು. ಬದುಕಿ ಉಳಿದವು ರೋಗವನ್ನು ಹೊತ್ತು ತಿರುಗುತ್ತಿದ್ದವು. ಮೇವು ಹಿಡಿಯುವ ಮರಿಗೆ ಲಸಿಕೆಯು ನಾಟುವುದೇ ಇಲ್ಲವಷ್ಟೆ. ಆದರೆ ಕೆಲವು ತಾಯಿತಂದೆಗಳ ಮರಿಗಳು ಮಾತ್ರ ರೋಗದ ನಡುವೆಯೂ ಉಳಿಯುವುದು ಕಂಡುಬಂದಿತು. 2008-09ರ ಸುಮಾರಿನಲ್ಲಿ ಸ್ಕಾಟ್ಲೆಂಡಿನ ಮತ್ತು ನಾರ್ವೆಯ ವಿಜ್ಞಾನಿಗಳು ಬೇರೆಬೇರೆಯಾಗಿ ಶೋಧಿಸಿ, ಈ ತಾಳಿಕೆಯ ಬಹುಪಾಲು ವಂಶತಂತುವಿನ ಒಂದೇ ಎಡೆಯಲ್ಲಿ ಅಡಗಿದೆಯೆಂದು ತೋರಿಸಿದರು. ಅಂದಿನಿಂದ ಆ ಗುಣವುಳ್ಳ ಬೀಜದ ಮೀನುಗಳನ್ನೇ ಆರಿಸಿ ಮೊಟ್ಟೆ ತೆಗೆಯುತ್ತಾರೆ; ರೋಗದ ಹಾವಳಿಯು ಬಹುಮಟ್ಟಿಗೆ ಇಳಿದಿದೆ. ಬೆಂಕಿರೋಗಕ್ಕೆ ತಡೆಯುವ ಭತ್ತದ ತಳಿಯನ್ನು ಆರಿಸಿ ಬಿತ್ತುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಭೂಮಂಡಲದ ಇನ್ನೊಂದು ಕೊನೆಯಲ್ಲಿರುವ ಚಿಲಿ ದೇಶವು ನಾರ್ವೆಯ ತರುವಾಯ ಅತಿ ಹೆಚ್ಚು ಸಾಲ್ಮನ್ ಬೆಳೆಯುವ ಸೀಮೆ. ಅಲ್ಲಿನ ಕಥೆ ಬೇರೆ. 2007ರಲ್ಲಿ ಐಎಸ್‌ಎ ಎಂಬ ರಕ್ತಹೀನತೆಯ ವೈರಸ್ ರೋಗವು ಹರಡಿ, ಮೂರು ವರ್ಷಗಳೊಳಗೆ ಅಟ್ಲಾಂಟಿಕ್ ಸಾಲ್ಮನ್ ಬೆಳೆಯು ಅರ್ಧಕ್ಕಿಂತಲೂ ಕೆಳಕ್ಕೆ ಇಳಿದು, ಸಾವಿರಾರು ಕೂಲಿಗಳು ಕೆಲಸವಿಲ್ಲದೆ ಹೋದರು. ಪಂಜರಗಳನ್ನು ಒತ್ತೊತ್ತಾಗಿ ಕಟ್ಟಿದ್ದುದೂ, ಮರಿಗಳನ್ನು ಕಡಲಿನ ಒಂದು ಭಾಗದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಸಾಗಿಸುತ್ತಿದ್ದುದೂ ರೋಗವು ಹಬ್ಬಲು ಅನುಕೂಲವಾದವು. ಇದಲ್ಲದೆ ಪಿಸಿರಿಕೆಟ್ಸಿಯಾ ಎಂಬ ಕ್ರಿಮಿಯ ರೋಗ ಅಲ್ಲಿ ನೆಲೆಯಾಗಿ ನಿಂತಿದೆ. ಈ ಕ್ರಿಮಿಯು ಮೀನಿನ ಜೀವಕಣಗಳ ಒಳಗೇ ಅವಿತುಕೊಳ್ಳುವುದರಿಂದ ರಕ್ತದಲ್ಲಿರುವ ಪ್ರತಿವಸ್ತುಗಳಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಮರಿಗಳಿಗೆ ಹಾಕಿದ ಲಸಿಕೆಯು ಸಮುದ್ರದಲ್ಲಿ ಕೆಲವು ತಿಂಗಳು ಕಾದು ಆಮೇಲೆ ಸವೆದುಹೋಗುತ್ತದೆ. ಆದ್ದರಿಂದ ಅಲ್ಲಿ ವರ್ಷಕ್ಕೆ 300 ಟನ್ನುಗಳಿಗೆ ಮೇಲ್ಪಟ್ಟು ಆಂಟಿಬಯೋಟಿಕ್‌ಗಳನ್ನು ಬಳಸಿದ ವರ್ಷಗಳು ಅನೇಕ.

ಈ ನಾಡಿನ ಕೆರೆಗಳಲ್ಲಿ ಸಾಲ್ಮನ್ ಬಾಳುವುದಿಲ್ಲ. ಅದಕ್ಕೆ ತಣ್ಣೀರು ಬೇಕು. ಆದರೆ ಕಾಟ್ಲಾ, ರೋಹು, ಮೃಗಾಲ್ ಮರಿಗಳ ದೇಹದ ಕಾವಲೂ ಇದೇ ಕ್ರಮದಲ್ಲಿಯೇ ಬೆಳೆಯುತ್ತದೆ. ಬಿಸಿ ನೀರಿನಲ್ಲಿ ಅದು ಬೇಗನೆ ಬಲಿಯುವುದು ನಿಜ. ಕ್ರಿಮಿಗಳೂ ಅಷ್ಟೇ ಬೇಗನೆ ಹೆಚ್ಚುತ್ತವೆ. ನೂಲಿನಂಥ ಮರಿಗಳಿಗೆ ಒಂದೊಂದಾಗಿ ಚುಚ್ಚುವುದು ಆಗದ ಮಾತು. ಆದುದರಿಂದ ಭುವನೇಶ್ವರದ ಕೇಂದ್ರೀಯ ಸಿಹಿನೀರಿನ ಮತ್ಸ್ಯಕೃಷಿ ಸಂಸ್ಥೆಯವರು ತಾಯಿಮೀನಿಗೇ ಮೊಟ್ಟೆಯಿಡುವುದಕ್ಕೆ ಮುಂಚೆ ಲಸಿಕೆ ಹಾಕಿ, ಅದರ ಪ್ರತಿವಸ್ತುಗಳು ಮೊಟ್ಟೆಯ ಹಳದಿಯ ಮೂಲಕ ಮರಿಗೆ ಇಳಿಯುವಂತೆ ಮಾಡುವ ಉಪಾಯವನ್ನು ಗೆಂಡೆ ಜಾತಿಯ ಮೀನುಗಳಿಗಾಗಿ ಸಿದ್ಧಪಡಿಸಿದ್ದಾರೆ. ಇಂಥ ರಕ್ಷಣೆಯು ಮರಿಯ ಮೊದಲ ದಿನಗಳಿಗೆ ಮಾತ್ರ ಒದಗುತ್ತದೆ. ಬುತ್ತಿ ತೀರಿದ ಮೇಲೆ ಮರಿಯು ತನ್ನ ಕಾವಲನ್ನು ತಾನೇ ಕಟ್ಟಿಕೊಳ್ಳಬೇಕು. ಕೆರೆಗೆ ಬಿತ್ತನೆಯ ಮರಿಗಳನ್ನು ಕೊಳ್ಳುವ ಗ್ರಾಮಸ್ಥರು ಸಂಖ್ಯೆಯೊಂದನ್ನೇ ಎಣಿಸದೆ, ಮರಿಗಳು ಬೆರಳುದ್ದಕ್ಕೆ ಬಂದಿವೆಯೇ, ಒಂದೇ ಗಾತ್ರದವಾಗಿವೆಯೇ, ಲೋಳೆಯೂ ಹುರುಪೆಯೂ ಕೆಡದಿವೆಯೇ ಎಂದು ನೋಡಿ, ಬಿಸಿಲೇರುವುದಕ್ಕೆ ಮುಂಚೆ ತರಿಸಿ, ಚೀಲವನ್ನು ಕೆರೆಯ ನೀರಿನಲ್ಲಿ ಸ್ವಲ್ಪ ಹೊತ್ತು ತೇಲಿಬಿಟ್ಟು ಎರಡು ನೀರಿನ ಶಾಖವೂ ಸಮನಾದ ಮೇಲೆ ಮರಿಗಳನ್ನು ಬಿಡತಕ್ಕದ್ದು.